ಸೊಸ್ನೊವೊ ಹೋಬಳಿಯ ಗೋರ್ಕಾ

ನತಾಶಾ ಅವರನ್ನು ನಾನು ಮೊದಲು ಕಂಡದ್ದು ೧೯೯೪ನೆಯ ಇಸವಿಯ ಜನವರಿಯಲ್ಲಿ, ಒಂದು ಸೋಮವಾರ ಬೆಳಗ್ಗೆ. ನೈರೋಬಿಯ ಕರೆನ್ ಕಡೆಯ ಶಾಲೆಯೊಂದಕ್ಕೆ ಗಣಿತದ ಶಿಕ್ಷಕಿಯಾಗಿ ಅಂದೇ ಸೇರಿದ್ದೆ. ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಒಂದು ಉದ್ದನೆಯ ಪುಸ್ತಕವಿತ್ತು. ವರ್ಷದ ಮೊದಲ ದಿನ ಎಲ್ಲರೂ ಅದರಲ್ಲಿ ತಮ್ಮ ಹೆಸರು, ವಿಳಾಸ ಬರೆಯಬೇಕು. ನನಗಿಂತ ಮೊದಲು ಬರೆದವರ ಸಾಲನ್ನು ನೋಡಿದೆ. ಕೀನ್ಯಾ, ನೈರೋಬಿ, ಮೊಂಬಾಸಾ ರಸ್ತೆ, ಸೌತ್ ಸಿ, ಆಮೇಲೆ ಮನೆಯ ಸಂಖ್ಯೆ, ಎಲ್ಲಕ್ಕಿಂತ ಕೊನೆಗೆ ಹೆಸರು. ತುಮಕೂರಿನ ಹೈಸ್ಕೂಲಿನಲ್ಲಿ ಎಂಟು ವರ್ಷ ಪಾಠ ಹೇಳಿ ಬಂದವಳು ನಾನು. ತಪ್ಪು ಕಂಡರೆ ಸುಮ್ಮನಿರಲು ಬಾರದು. ಎದುರಿಗೆ ಕುಳಿತು ಹಾಲಿಲ್ಲದ ಚಹಾ ಕುಡಿಯುತ್ತಿದ್ದ, ಗೋಧಿಬಣ್ಣದ ಜಡೆಯನ್ನು ತಲೆಗೆ ಸುತ್ತಿಕೊಂಡಿದ್ದ ಹೆಂಗಸೇ ಅದನ್ನು ಬರೆದವರೆಂದು ತಿಳಿದಾಗ, ಹೆಸರು ಮೊದಲು ಬರಬೇಕಲ್ಲವೇ ಎಂದು ವಿನಯದಿಂದಲೇ ಕೇಳಿದೆ.

ಅವರು ಬಟ್ಟಲನ್ನು ಕೆಳಗಿಟ್ಟು, "ಅಂಚೆಚೀಲ ಹೊರುವವನಿಗೆ ಮೊದಲು ಬೇಕಾದದ್ದು ದೇಶ. ಆಮೇಲೆ ಜಿಲ್ಲೆ, ಆಮೇಲೆ ಊರು. ನನ್ನ ಹೆಸರು ಬೇಕಾಗುವುದು ಅವನು ಬಾಗಿಲು ತಟ್ಟಿದ ಮೇಲೆ" ಎಂದರು.

ರಷ್ಯಾದಲ್ಲಿ ಆಗ ಲಕೋಟೆಯ ಮೇಲೆ ಹಾಗೆಯೇ ಬರೆಯುತ್ತಿದ್ದರಂತೆ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತ. ಅವರು ನನ್ನ ತಂದೆಯ ಹೆಸರು ಕೇಳಿದರು. ವಿಶ್ವನಾಥ ಎಂದೆ. ಅಂದಿನಿಂದ ಇಂದಿನವರೆಗೆ ನಾನು ಅವರಿಗೆ ಭಾನುಮತಿ ವಿಶ್ವನಾಥೊವ್ನಾ. ಸಹೋದ್ಯೋಗಿಯನ್ನು ತಂದೆಯ ಹೆಸರು ಸೇರಿಸಿ ಕರೆಯುವುದೇ ಅವರ ಕಡೆಯ ಮರ್ಯಾದೆ. ನನ್ನ ತಂದೆ ತಿಪಟೂರಿನಿಂದ ಆಚೆಗೆ ಹೋದವರಲ್ಲ. ಅವರ ಹೆಸರಿಗೆ ಇಂಥ ಬಾಲ ಬಂದದ್ದನ್ನು ಕೇಳಿದ್ದರೆ ವಾರವಿಡೀ ನಗುತ್ತಿದ್ದರು.

ನತಾಶಾ ಭೂಗೋಳದ ಶಿಕ್ಷಕಿ. ಹುಟ್ಟಿದ್ದು ಉತ್ತರ ರಷ್ಯಾದಲ್ಲಿ, ವೆರ್ಮೆಂಗಾ ಎಂಬ ನದಿಯ ದಂಡೆಯ ಗೋರ್ಕಾ ಎಂಬ ಹಳ್ಳಿಯಲ್ಲಿ, ೧೯೫೮ರಲ್ಲಿ. ಲೆನಿನ್‌ಗ್ರಾಡಿನಲ್ಲಿ ಓದುತ್ತಿದ್ದಾಗ ಆರ್ಥರ್ ಅವರ ಪರಿಚಯವಾಯಿತು. ಆರ್ಥರ್ ಮಂಗಳೂರಿನ ಕ್ಯಾಥೊಲಿಕ್ ಮನೆತನದವರು. ಅವರ ತಂದೆ ಚಿಕ್ಕಂದಿನಲ್ಲೇ ನೈರೋಬಿಗೆ ಬಂದು ನೆಲೆಸಿದ್ದರು. ಮಗನನ್ನು ಅರಣ್ಯಶಾಸ್ತ್ರ ಓದಲು ಕಳಿಸಿದರೆ ಮಗ ಪದವಿಯ ಜೊತೆಗೆ ಹೆಂಡತಿಯನ್ನೂ ಕರೆತಂದ. ಇದು ೧೯೮೩ರ ಮಾತು.

ವಿಮಾನ ನಿಲ್ದಾಣಕ್ಕೆ ಬಂದಿದ್ದ ಆರ್ಥರ್ ಅವರ ತಾಯಿ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳಿದ ಮೊದಲ ಪ್ರಶ್ನೆ, ಯಾವ ಇಗರ್ಜಿಯವಳು ಎಂಬುದು. ಮಂಗಳೂರಿನ ಕ್ಯಾಥೊಲಿಕರಲ್ಲಿ ಊರು ಕೇಳುವ ರೀತಿಯೇ ಅದು; ಇಗರ್ಜಿಯ, ಅಂದರೆ ಚರ್ಚಿನ, ಹೆಸರು ಹೇಳಿದರೆ ಮನೆ, ಬೀದಿ, ಬಂಧುಬಳಗ ಎಲ್ಲ ತಿಳಿದಂತೆ. ಆರ್ಥರ್ ಅದನ್ನು ರಷ್ಯನ್ನಿಗೆ ತಿರುಗಿಸುವಾಗ, ನಿನ್ನ ಹಳ್ಳಿ ಯಾವುದಕ್ಕೆ ಸೇರಿದ್ದು ಎಂದು ಕೇಳಿದರು. ನತಾಶಾ ತಮ್ಮ ಹಳ್ಳಿ ಸೇರಿದ್ದ ಗ್ರಾಮ ಸೋವಿಯತ್ತಿನ ಹೆಸರು ಹೇಳಿದರು: ಸೊಸ್ನೊವೊ. ಹಳ್ಳಿಯ ಹೆಸರು ಗೋರ್ಕಾ, ಅಂದರೆ ಚಿಕ್ಕ ಗುಡ್ಡ, ಎಂದೂ ಹೇಳಿದರು.

"ಗುಡ್ಡೆ ಪ್ರತಿಯೊಂದು ಇಗರ್ಜಿಗೂ ಒಂದಿರುತ್ತದೆ" ಎಂದರಂತೆ ಅತ್ತೆ. "ಸೊಸ್ನೊವೊ ಎಂದು ಹೇಳಿದಳಲ್ಲ, ಅದು ಸಾಕು."

ಆಮೇಲೆ ಯಾರು ವಿಚಾರಿಸಿದರೂ ತಮ್ಮ ಸೊಸೆ ಸೊಸ್ನೊವೊ ಇಗರ್ಜಿಯವಳು ಎಂದೇ ಆ ಹಿರಿಯರು ಹೇಳುತ್ತಿದ್ದರು. ಅದು ಇಗರ್ಜಿಯಲ್ಲ, ಸರ್ಕಾರಿ ಕಚೇರಿ ಎಂದು ಆರ್ಥರ್ ಎಷ್ಟೋ ಸಲ ತಿದ್ದಿದರೂ ಪ್ರಯೋಜನವಾಗಲಿಲ್ಲ. ನತಾಶಾ ತಿದ್ದಲಿಲ್ಲ. ಅತ್ತೆಯನ್ನು ಕೊಂಕಣಿಯಲ್ಲಿ ಮಾಂಯ್ ಎಂದು ಕರೆದರು, ಅವರಿಂದ ಕೊಂಕಣಿ ಕಲಿತರು, ಸನ್ನ ಎಂಬ ಅವರ ಕಡೆಯ ಇಡ್ಲಿ ಮಾಡುವುದನ್ನು ಕಲಿತರು, ಕೊನೆಯ ಎರಡು ವರ್ಷ ಅವರನ್ನು ಮಗುವಿನಂತೆ ನೋಡಿಕೊಂಡರು.

ಸಂಜೆ ಶಾಲೆ ಬಿಟ್ಟ ಮೇಲೆ ಅವರ ಬಿಳಿ ಪ್ಯೂಜೊ ಕಾರಿನಲ್ಲಿ ನನ್ನನ್ನು ಕಿಲಿಮಾನಿಯಲ್ಲಿ ಇಳಿಸಿ ಹೋಗುತ್ತಿದ್ದರು. ಆ ದಾರಿಯಲ್ಲಿ, ಮುಂದಿನ ಮಟಾಟು ವ್ಯಾನು ಕದಲುವುದನ್ನು ಕಾಯುತ್ತ, ನಾನು ಆ ನದಿಯದೇ ಹೆಸರಿನ ವೆರ್ಮೆಂಗಾ ಜಿಲ್ಲೆಯನ್ನು ಪೂರ್ತಿ ಕಲಿತೆ. ಒಂಬತ್ತು ಸಾವಿರ ಚದರ ಕಿಲೋಮೀಟರು. ಅದರಲ್ಲಿ ಮುಕ್ಕಾಲು ಪಾಲು ಕಾಡು, ಉಳಿದದ್ದರಲ್ಲಿ ಅರ್ಧ ಜೌಗು. ಜನ ಎಂಟು ಸಾವಿರವೂ ಇಲ್ಲ. ಸೌತ್ ಸಿ ಬಡಾವಣೆಯ ಕೆಲವು ಬೀದಿಗಳನ್ನು ಎತ್ತಿ ಅಲ್ಲಿಟ್ಟರೆ ಜಿಲ್ಲೆಗೆ ಜಿಲ್ಲೆಯೇ ತುಂಬುತ್ತದೆ ಎನ್ನುತ್ತಿದ್ದರು. ಜಿಲ್ಲೆಯ ಕೇಂದ್ರ ರೈಲು ನಿಲ್ದಾಣದ ಪಟ್ಟಣ; ಅಲ್ಲಿಂದ ಗೋರ್ಕಾಗೆ ಎಪ್ಪತ್ತು ಕಿಲೋಮೀಟರು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿ ರಸ್ತೆಯಾಗುತ್ತಿತ್ತು. ವಸಂತದಲ್ಲೂ ಮಳೆ ಹಿಡಿವ ಶರದೃತುವಿನಲ್ಲೂ ತಲಾ ಒಂದು ತಿಂಗಳು, ಕೆಸರೂ ಒಡೆದ ಮಂಜುಗಡ್ಡೆಯೂ ಸೇರಿ, ರಸ್ತೆಯೂ ಇಲ್ಲ, ನದಿಯೂ ಇಲ್ಲ. ಎರಡು ಜೊತೆ ರೆಕ್ಕೆಯ ಪುಟ್ಟ ವಿಮಾನವೊಂದು ಹುಲ್ಲುಗಾವಲಿನಲ್ಲಿ ಇಳಿದು ಅಂಚೆ ಕೊಟ್ಟು ಹೋಗುತ್ತಿತ್ತು. ತಂದೆ ಪೀಟರ್ ಮರದ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಡುವ ಕೆಲಸದವರು. ಹಳ್ಳಿಯಲ್ಲಿ ಹದಿನೇಳು ಮನೆ. ಶಾಲೆ, ಅಂಗಡಿ, ದಾದಿ, ಎಲ್ಲವೂ ಆರು ಕಿಲೋಮೀಟರು ದೂರದ ಸೊಸ್ನೊವೊದಲ್ಲಿ.

ಗ್ರಾಮ ಸೋವಿಯತ್ತು ಎಂದರೆ ಏನು ಎಂದು ಅವರು ವಿವರಿಸುವಾಗ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅದು ನಮ್ಮ ಹೋಬಳಿಯ ಹಾಗೆ. ನಾನು ಹುಟ್ಟಿದ ಊರು ಹೊಸಹಳ್ಳಿ. ನಮ್ಮ ತಾಲ್ಲೂಕಿನಲ್ಲಿ ನಾಲ್ಕು ಹೊಸಹಳ್ಳಿಗಳಿದ್ದವು; ಹೋಬಳಿ ಬರೆಯದ ಕಾಗದ ನಾಲ್ಕೂ ಊರು ಸುತ್ತಿ ಬರುತ್ತಿತ್ತು. ಇದನ್ನು ನಾನೇ ಅವರಿಗೆ ಹೇಳಿ ಇಬ್ಬರೂ ನಕ್ಕಿದ್ದೆವು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನಾನು ಮರೆತೆ.

ಅವರ ಪಾಠದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕೀನ್ಯಾದಲ್ಲಿ ಎಂಟು ಪ್ರಾಂತ್ಯಗಳು ಹೋಗಿ ನಲವತ್ತೇಳು ಕೌಂಟಿಗಳು ಬಂದಾಗ ಶಾಲೆಯ ಗೋಡೆಯ ನಕ್ಷೆಗಳೆಲ್ಲ ಒಂದೇ ವರ್ಷದಲ್ಲಿ ಹಳತಾದವು. ಹೊಸ ನಕ್ಷೆ ಬರುವವರೆಗೆ ಕಾಯದೆ ಅವರು ಮಕ್ಕಳಿಂದಲೇ ಹಳೆಯದರ ಮೇಲೆ ಹೊಸ ಗೆರೆ ಹಾಕಿಸಿದರು. ಆದರೆ ಹಳೆಯ ಗೆರೆಯನ್ನು ಅಳಿಸಲು ಬಿಡಲಿಲ್ಲ. ನಿಮ್ಮ ಅಜ್ಜಿಯ ಕಾಗದಪತ್ರಗಳೆಲ್ಲ ಆ ಗೆರೆಯ ಒಳಗಿವೆ, ಅದು ಕಾಣುತ್ತಿರಲಿ ಎಂದು ಮಕ್ಕಳಿಗೆ ಹೇಳಿದರು. ಹೀಗೆ ಹೇಳಿದವರ ಕೈಯಿಂದಲೇ ನಾನು ಮುಂದೆ ಒಂದು ಸಾಲು ತೆಗೆಸಿದೆ.

ನಿವೃತ್ತರಾದ ಮೇಲೂ ಪ್ರತಿ ಶನಿವಾರ ನಾನು ಸೌತ್ ಸಿಯ ಅವರ ಮನೆಗೆ ಹೋಗುವುದು ತಪ್ಪಲಿಲ್ಲ. ಮೂರು ವರ್ಷದ ಹಿಂದೆ, ಆಗಸ್ಟಿನ ಒಂದು ಶನಿವಾರ, ಬಾಗಿಲು ತೆರೆದ ಆರ್ಥರ್ ಎಂದಿನ ತಮಾಷೆ ಮಾಡದೆ ಒಳಗೆ ಕರೆದರು. ನತಾಶಾ ಊಟದ ಮೇಜಿನ ಮುಂದೆ ಒಂದು ಅಚ್ಚಾದ ಹಾಳೆ ಹಿಡಿದು ಕುಳಿತಿದ್ದರು. ಊರಿನ ಕಡೆಯ ಬಂಧುವೊಬ್ಬರು ಕಳಿಸಿದ ಪ್ರಕಟಣೆ ಅದು. ವೆರ್ಮೆಂಗಾ ಜಿಲ್ಲೆ ಮತ್ತು ಅದರೊಳಗಿನ ಗ್ರಾಮ ಆಡಳಿತಗಳನ್ನೆಲ್ಲ ಒಂದುಗೂಡಿಸಿ ಒಂದೇ ಆಡಳಿತ ಮಾಡಿದ್ದಾರೆ. ಊರುಗಳ ಪಟ್ಟಿಯನ್ನು ಚೊಕ್ಕ ಮಾಡುತ್ತಿದ್ದಾರೆ. ಯಾವ ಊರಿನಲ್ಲಿ ಒಬ್ಬರೂ ವಾಸವಿಲ್ಲವೋ ಆ ಊರಿನ ಹೆಸರನ್ನು ಪಟ್ಟಿಯಿಂದ ತೆಗೆಯುತ್ತಾರೆ. ಅಲ್ಲಿ ಮನೆ ಇರುವವರು ಆಕ್ಷೇಪಿಸುವುದಾದರೆ ಅಕ್ಟೋಬರ್ ಕೊನೆಯೊಳಗೆ ಸಹಿ ಮಾಡಿದ ಅರ್ಜಿ ಕಳಿಸಬೇಕು.

ಗೋರ್ಕಾದಲ್ಲಿ ಕೊನೆಯವರಾಗಿ ಇದ್ದದ್ದು ನತಾಶಾ ಅವರ ಚಿಕ್ಕಮ್ಮ. ಅವರು ತೀರಿಕೊಂಡು ಐದು ವರ್ಷವಾಗಿತ್ತು. ಪೀಟರ್ ಕಟ್ಟಿದ ಮನೆ ಮಾತ್ರ ನತಾಶಾ ಅವರ ಹೆಸರಿನಲ್ಲಿದೆ. ಅದರ ಮಾಡು ಒಳಗೆ ಕುಸಿದಿದೆ. ಅವರಿಗೆ ಆ ಮನೆ ಬೇಕಾಗಿರಲಿಲ್ಲ, ಹಿಂದಿರುಗುವ ಯೋಚನೆಯೂ ಇರಲಿಲ್ಲ. ಊರಿನ ಹೆಸರು ಊರುಗಳ ಪಟ್ಟಿಯಲ್ಲಿ ಉಳಿಯಬೇಕು ಎಂಬುದಷ್ಟೇ ಆಸೆ. ನಲವತ್ತು ವರ್ಷ ಪರದೇಶದಲ್ಲಿ ಇದ್ದೂ ತಾನು ಎಂದೂ ನೆಲೆ ಇಲ್ಲದವಳು ಅನ್ನಿಸಲಿಲ್ಲ, ಹುಟ್ಟಿದ ಊರು ಎಂಬ ಖಾನೆಯಲ್ಲಿ ಬರೆಯಲು ಒಂದು ಹೆಸರಿತ್ತು, ಆ ಹೆಸರು ಎಲ್ಲೋ ಒಂದು ಕಡೆ ಇತ್ತು ಎಂದು ಅವರು ಮೆಲ್ಲಗೆ ಹೇಳಿದರು. ನಾನು ಅವರ ಕಣ್ಣಲ್ಲಿ ನೀರು ನೋಡಿದ್ದು ಅತ್ತೆ ತೀರಿಕೊಂಡ ದಿನ ಬಿಟ್ಟರೆ ಅಂದೇ.

ಅರ್ಜಿಯ ಜೊತೆಗೆ ಊರಿಗೂ ಅರ್ಜಿದಾರರಿಗೂ ಇರುವ ಸಂಬಂಧ ತೋರಿಸಬೇಕಿತ್ತು. ಜನನ ಪತ್ರದಲ್ಲಿ ಒಂದು ಆಡಳಿತದ ಹೆಸರು, ಮನೆಯ ಪತ್ರದಲ್ಲಿ ಇನ್ನೊಂದು. ನಾನು ಒಂದು ಡ್ರಾಯಿಂಗ್ ಹಾಳೆ ತರಿಸಿ, ಯಾವ ವರ್ಷ ಯಾವುದು ಯಾವುದರಲ್ಲಿ ಸೇರಿತು ಎಂದು ಬಾಣದ ಗುರುತು ಹಾಕುತ್ತ ಪಟ ಬರೆದೆ. ಸೊಸ್ನೊವೊ ಸೋವಿಯತ್ತು ಗ್ರಾಮ ಆಡಳಿತವಾದದ್ದು, ಪಕ್ಕದ ಜಿಲ್ಲೆಯ ಬೆರೆಜ್ನಿಕ್ ಎಂಬ ಗ್ರಾಮ ಆಡಳಿತವನ್ನು ನತಾಶಾ ಇಲ್ಲಿಗೆ ಬಂದ ಮೇಲೆ ವೆರ್ಮೆಂಗಾಗೆ ಸೇರಿಸಿದ್ದು, ಈಗ ಎಲ್ಲವೂ ಒಂದಾದದ್ದು. ನತಾಶಾ ಓದಿ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಮೂರು ಶನಿವಾರ ಹಿಡಿಯಿತು. ಇಷ್ಟು ಅಚ್ಚುಕಟ್ಟಾದ ಪಟವನ್ನು ನಾನು ಕೆಲಸದಲ್ಲಿದ್ದಾಗಲೂ ಬರೆದಿರಲಿಲ್ಲ.

ಅರ್ಜಿ ಬರೆಯುವಾಗ ನತಾಶಾ ಎಂದಿನಂತೆ ದೇಶದಿಂದ ಆರಂಭಿಸಿದರು. ಸೊಸ್ನೊವೊ ಎಂಬ ಸಾಲಿಗೆ ಬಂದಾಗ ನಾನು ತಡೆದೆ.

"ಆ ಕಚೇರಿಯೇ ಈಗ ಇಲ್ಲವಲ್ಲ. ಇಲ್ಲದ ಕಚೇರಿಯ ಹೆಸರನ್ನು ಸರ್ಕಾರಿ ಅರ್ಜಿಯಲ್ಲಿ ಬರೆದರೆ ಅಧಿಕಾರಿಗಳು ಅರ್ಜಿಯನ್ನೇ ಪಕ್ಕಕ್ಕಿಡುತ್ತಾರೆ."

ಆ ಸಾಲನ್ನು ಬಿಟ್ಟು ಯಾವತ್ತೂ ಬರೆದಿಲ್ಲ ಎಂದು ನತಾಶಾ ಹಿಂಜರಿದರು. ನಿಮ್ಮ ಜಿಲ್ಲೆಯಲ್ಲಿ ಗೋರ್ಕಾ ಎಷ್ಟಿವೆ ಎಂದು ನಾನು ಕೇಳಿದೆ. ತಾನು ಬಿಟ್ಟು ಬರುವಾಗ ಒಂದೇ ಇತ್ತು ಎಂದರು. ಹಾಗಾದರೆ ಸರಿಯಲ್ಲವೇ ಎಂದೆ. ಅವರು ಹೊಸ ಹಾಳೆ ತೆಗೆದುಕೊಂಡು, ಆ ಸಾಲನ್ನು ಬಿಟ್ಟು ಬರೆದರು. ಪಟವನ್ನು ಲಗತ್ತಿಸುವ ಅಗತ್ಯವಿಲ್ಲ, ಗೊಂದಲವಾದೀತು ಎಂದೂ ನಾನೇ ಹೇಳಿದೆ. ಸೆಪ್ಟೆಂಬರ್ ಮಧ್ಯದಲ್ಲಿ ಅವರ ಮಗಳು ವನೆಸ್ಸಾ ಅರ್ಜಿಯನ್ನು ಸ್ಕ್ಯಾನ್ ಮಾಡಿ ಇಮೇಲಿನಲ್ಲಿ ಕಳಿಸಿದಳು.

ಉತ್ತರ ಬಂದದ್ದು ನವೆಂಬರ್ ನಾಲ್ಕರಂದು, ಒಂದು ಶನಿವಾರ. ನಾನು ಹೋಗುವಷ್ಟರಲ್ಲಿ ಆರ್ಥರ್ ಮೇಜಿನ ಮೇಲೆ ಕೇಕ್ ಇಟ್ಟಿದ್ದರು. ಗೋರ್ಕಾವನ್ನು ತೆಗೆಯುವ ಪ್ರಸ್ತಾಪವೇ ಇಲ್ಲ, ಅರ್ಜಿದಾರರು ನಿಶ್ಚಿಂತೆಯಿಂದ ಇರಬಹುದು ಎಂದು ಉತ್ತರದಲ್ಲಿತ್ತು. ನತಾಶಾ ನನ್ನ ಎರಡೂ ಕೈ ಹಿಡಿದುಕೊಂಡು ಕೂರಿಸಿದರು. ಕನ್ನಡಕ ಹಾಕಿಕೊಂಡು ಉಳಿದದ್ದನ್ನು ಇಂಗ್ಲಿಷಿನಲ್ಲಿ ಓದಿ ಹೇಳತೊಡಗಿದರು. ಸದರಿ ಗ್ರಾಮದಲ್ಲಿ ನಲವತ್ತೊಂದು ಜನ ವಾಸವಾಗಿದ್ದಾರೆ. ಒಂದು ಅಂಗಡಿಯೂ ಒಂದು ಆರೋಗ್ಯ ಕೇಂದ್ರವೂ ಇವೆ.

"ಕೇಳಿದಿಯಾ, ನಿನ್ನೂರಿಗೆ ಅಂಗಡಿ ಬಂತು" ಎಂದರು ಆರ್ಥರ್. "ನನ್ನನ್ನು ಕರೆದುಕೊಂಡು ಹೋದಾಗ ಸೊಳ್ಳೆ ಬಿಟ್ಟು ಏನೂ ಸಿಗುತ್ತಿರಲಿಲ್ಲ."

ನತಾಶಾ ನಗಲಿಲ್ಲ. ಆ ಸಾಲನ್ನು ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು.

"ಗೋರ್ಕಾದಲ್ಲಿ ಅಂಗಡಿ ಇರಲಿಲ್ಲ" ಎಂದರು. "ಎಂದೂ ಇರಲಿಲ್ಲ."

ನಾನು ಗೋಡೆಗೆ ಒರಗಿಸಿದ್ದ ಪಟದ ಕಡೆ ನೋಡಿದೆ. ಬೆರೆಜ್ನಿಕ್‌ನಿಂದ ವೆರ್ಮೆಂಗಾಗೆ ನಾನೇ ಕೆಂಪು ಶಾಯಿಯಲ್ಲಿ ಎಳೆದ ಬಾಣ ಅಲ್ಲಿತ್ತು. ಗ್ರಾಮ ಆಡಳಿತ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಬಂದರೆ ಬರೀ ಕಚೇರಿಯ ಫಲಕ ಬರುವುದಿಲ್ಲ, ಅದರ ಹಳ್ಳಿಗಳೂ ಬರುತ್ತವೆ. ಆ ಹಳ್ಳಿಗಳಲ್ಲಿ ಒಂದು ಗೋರ್ಕಾ ಇರಬಹುದೆಂದು ಹೊಸಹಳ್ಳಿಯಲ್ಲಿ ಹುಟ್ಟಿದವಳಿಗೆ ಹೊಳೆಯಬೇಕಿತ್ತು. ಎರಡು ಗೋರ್ಕಾಗಳನ್ನು ಬೇರೆಬೇರೆಯಾಗಿ ತೋರಿಸಲು ಇದ್ದದ್ದು ಆ ಒಂದೇ ಸಾಲು. ಅದನ್ನು ನಾನು ತೆಗೆಸಿದ್ದೆ. ನಮ್ಮ ಅರ್ಜಿ ಯಾರೂ ಮುಟ್ಟದ ಊರೊಂದನ್ನು ಉಳಿಸಿತ್ತು. ಗಡುವು ಮುಗಿದು ನಾಲ್ಕು ದಿನವಾಗಿತ್ತು.

ಅಂದು ಹೇಗೆ ಮನೆಗೆ ಬಂದೆನೋ ನೆನಪಿಲ್ಲ. ನನ್ನ ಪತಿ ಚಂದ್ರಶೇಖರ್ ಸಮಾಧಾನ ಹೇಳಿದರು, ನನಗೆ ಊಟ ಸೇರಲಿಲ್ಲ. ಮರುದಿನವೇ ಹೋಗಿ ಕ್ಷಮೆ ಕೇಳಿದೆ. ಇಲ್ಲಿಯ ಜನ ದುಃಖದಲ್ಲಿರುವವರಿಗೆ ಹೇಳುವ ‘ಪೋಲೆ’ ಎಂಬ ಮಾತು ಬಿಟ್ಟು ಬೇರೆ ಮಾತು ಬಾಯಿಗೆ ಬರಲಿಲ್ಲ. ನತಾಶಾ ಬಟಾಟೆ ಸಿಪ್ಪೆ ತೆಗೆಯುತ್ತಿದ್ದರು. ನನಗೂ ಒಂದು ಚಾಕು ಕೊಟ್ಟರು.

"ಭಾನುಮತಿ ವಿಶ್ವನಾಥೊವ್ನಾ, ನಾಲ್ಕು ನಿಮಿಷ ನನ್ನ ಊರಿನಲ್ಲಿ ನಲವತ್ತೊಂದು ಜನ ಇದ್ದರು. ಅದನ್ನು ನೀವು ಕೊಟ್ಟಿರಿ" ಎಂದರು. ಇನ್ನೊಂದು ಬಟಾಟೆ ಎತ್ತಿಕೊಂಡು, "ಅಂಗಡಿ ಕೊಟ್ಟದ್ದು ಹೆಚ್ಚಾಯಿತು" ಎಂದರು.

ಆಗ ನಾನು ಅತ್ತುಬಿಟ್ಟೆ, ಅವರು ನಕ್ಕರು. ಬೇಕಾದ್ದಕ್ಕಿಂತ ಹೆಚ್ಚು ಬಟಾಟೆ ಸುಲಿದು ಬುಟ್ಟಿ ತುಂಬಿಸಿದೆವು.

ಸೋಮವಾರ ಅವರು ಅಲ್ಲಿಯ ಕಚೇರಿಗೆ ಫೋನ್ ಮಾಡಿದರು. ನೈರೋಬಿಗೂ ಅವರ ಜಿಲ್ಲೆಗೂ ಗಡಿಯಾರದಲ್ಲಿ ಒಂದು ನಿಮಿಷದ ವ್ಯತ್ಯಾಸವಿಲ್ಲ. ಇಲ್ಲಿ ಒಂಬತ್ತಾದರೆ ಅಲ್ಲಿಯೂ ಒಂಬತ್ತು. ಮೂರನೆಯ ಸಲಕ್ಕೆ ಊರುಗಳ ಪಟ್ಟಿಯ ಮೇಲ್ವಿಚಾರಣೆಯ ತಮಾರಾ ಇವಾನೊವ್ನಾ ಎಂಬ ಹೆಂಗಸು ಸಿಕ್ಕರು. ನಾನು ಪಕ್ಕದಲ್ಲೇ ಕುಳಿತಿದ್ದೆ. ಭಾಷೆ ಅರ್ಥವಾಗದಿದ್ದರೂ ನತಾಶಾ ಅವರ ದನಿ ಏರುವುದು, ಇಳಿಯುವುದು ತಿಳಿಯುತ್ತಿತ್ತು. ಮಾತು ಮುಗಿದ ಮೇಲೆ ಎಲ್ಲವನ್ನೂ ನಮಗೆ ಹೇಳಿದರು.

ತಪ್ಪು ಯಾರದೆಂದು ತಮಾರಾ ಇವಾನೊವ್ನಾ ವಾದಿಸಲಿಲ್ಲವಂತೆ. ಕಡತ ಮೇಲಿನ ಕಚೇರಿಗೆ ಹೋಗಿಬಿಟ್ಟಿದೆ, ಹಿಂದಕ್ಕೆ ತರುವ ಅಧಿಕಾರ ತನಗಿಲ್ಲ, ಸೊಸ್ನೊವೊ ಕಡೆಯ ಗೋರ್ಕಾ ಊರುಗಳ ಪಟ್ಟಿಯಲ್ಲಿ ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಆದರೆ ನಕ್ಷೆಯಿಂದ ಹೆಸರು ಹೋಗುವುದಿಲ್ಲ. ಜನ ಬಿಟ್ಟುಹೋದ ಊರನ್ನು ಅಲ್ಲಿಯ ನಕ್ಷೆಗಾರರು ಅಳಿಸದೆ, ಜನವಸತಿಯಿಲ್ಲದ ಜಾಗ ಎಂದು ಓರೆ ಅಕ್ಷರದಲ್ಲಿ ಬರೆದು ಉಳಿಸುತ್ತಾರೆ.

ಆಮೇಲೆ ಆ ಹೆಂಗಸು ತಾವಾಗಿಯೇ ಒಂದು ವಿಷಯ ಎತ್ತಿದರು. ಪ್ರತಿ ಬೇಸಿಗೆಯಲ್ಲೂ ಕಾಡುಹಣ್ಣು ಆಯಲು ಹೋದ ಮುದುಕ ಮುದುಕಿಯರು ದಾರಿ ತಪ್ಪುತ್ತಾರೆ. ಫೋನ್ ಮಾಡಿ, ತಾವು ಇಂಥ ಹುಲ್ಲುಗಾವಲಿನ ಹತ್ತಿರ, ಇಂಥ ಹಳ್ಳದ ಹತ್ತಿರ ಇದ್ದೇವೆ ಎಂದು ಹಳೆಯ ಹೆಸರು ಹೇಳುತ್ತಾರೆ. ಕಚೇರಿಯಲ್ಲಿ ಇರುವವರೆಲ್ಲ ಹೊಸಬರು. ಆ ಹೆಸರುಗಳು ಯಾವ ನಕ್ಷೆಯಲ್ಲೂ ಇಲ್ಲ, ಎಂದೂ ಇರಲಿಲ್ಲ. ತಿಳಿದವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಹೋದ ವರ್ಷ ಒಬ್ಬ ಅಜ್ಜಿಯನ್ನು ಹುಡುಕಲು ಎರಡು ದಿನ ಹಿಡಿಯಿತು. ಗೋರ್ಕಾದ ಸುತ್ತಿನ ಹೆಸರುಗಳು ನಿಮಗೆ ನೆನಪಿವೆಯೇ ಎಂದು ಅವರು ಕೇಳಿದರು.

"ನೀವು ಏನು ಹೇಳಿದಿರಿ?" ಎಂದು ಕೇಳಿದೆ.

"ಎಷ್ಟು ದೊಡ್ಡ ಹಾಳೆ ಬೇಕು ಎಂದು ಕೇಳಿದೆ" ಎಂದರು ನತಾಶಾ.

ಅಂದಿನಿಂದ ಸೌತ್ ಸಿಯ ಮನೆಯಲ್ಲಿ ಊಟದ ಮೇಜು ಊಟಕ್ಕೆ ಸಿಗುತ್ತಿಲ್ಲ. ಆರ್ಥರ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಾರೆ, ಮಾಂಯ್ ಇದ್ದಿದ್ದರೆ ಇದಕ್ಕೆ ಅವಕಾಶ ಕೊಡುತ್ತಿರಲಿಲ್ಲ ಎಂದು ಗೊಣಗುತ್ತಾರೆ, ಆಮೇಲೆ ಪೆನ್ಸಿಲ್ ಚೂಪು ಮಾಡಿ ಕೊಡುತ್ತಾರೆ. ನತಾಶಾ ನೆನಪಿನಿಂದ ಒಂದೊಂದೇ ಜಾಗ ಗುರುತಿಸುತ್ತಾರೆ. ವಿಮಾನ ಇಳಿಯುತ್ತಿದ್ದ ಬಯಲು, ದಿಮ್ಮಿಗಳು ಸಿಕ್ಕಿಹಾಕಿಕೊಳ್ಳುತ್ತಿದ್ದ ನದಿಯ ತಿರುವು, ಹಂದಿಮರಿ ಮುಳುಗಿದ ಮಡು, ಪೀಟರನ ಹುಲ್ಲುಗಾವಲು. ಅಳತೆಯ ಲೆಕ್ಕ ನನ್ನ ಪಾಲಿಗೆ. ಮನೆಯಿಂದ ಬಾವಿಗೆ ಎಷ್ಟು ಹೆಜ್ಜೆ ಎಂದು ಕೇಳುತ್ತೇನೆ. ಯಾರ ಹೆಜ್ಜೆ, ನನ್ನದೋ ಅಪ್ಪನದೋ ಎಂದು ಅವರು ಕೇಳುತ್ತಾರೆ. ಏಳು ವರ್ಷದ ಹುಡುಗಿಯ ಹೆಜ್ಜೆಗೆ ಎಷ್ಟು ಎಂದು ಲೆಕ್ಕ ಹಾಕಿ ಅಳತೆಗೆ ಇಳಿಸುತ್ತೇನೆ. ಉಪಗ್ರಹದ ಚಿತ್ರದೊಂದಿಗೆ ಹೋಲಿಸಿ ನೋಡಿದ ವನೆಸ್ಸಾ, ಅಮ್ಮ ಹೇಳಿದ ಬಾವಿ ಇಪ್ಪತ್ತು ಮೀಟರೂ ತಪ್ಪಿಲ್ಲ ಎಂದಳು. ಮುಗಿದ ಹಾಳೆಯನ್ನು ತಮಾರಾ ಇವಾನೊವ್ನಾ ಅವರ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತೇವೆ.

ಹೋದ ಬೇಸಿಗೆಯಲ್ಲಿ ತಮಾರಾ ಇವಾನೊವ್ನಾ ಅವರಿಂದ ಎರಡು ಸಾಲಿನ ಕಾಗದ ಬಂತು. ಒಬ್ಬ ಮುದುಕ ಪೀಟರನ ಹುಲ್ಲುಗಾವಲಿನಲ್ಲಿ ಇದ್ದೇನೆ ಎಂದು ಫೋನ್ ಮಾಡಿದನಂತೆ. ಮೂರು ಗಂಟೆಯೊಳಗೆ ಕರೆತಂದೆವು ಎಂದು ಬರೆದಿದ್ದರು. ನತಾಶಾ ಅದನ್ನು ನನಗೆ ಓದಿ ಹೇಳಿ, ಮಡಿಸಿ, ಅತ್ತೆಯ ಪ್ರಾರ್ಥನೆ ಪುಸ್ತಕದ ಒಳಗೆ ಇಟ್ಟರು.

ಕಳೆದ ಶನಿವಾರ ನಾಲ್ಕನೆಯ ಹಾಳೆ ಮುಗಿಯಿತು. ಅದನ್ನು ಸುರುಳಿ ಸುತ್ತಿ ಗಟ್ಟಿ ಕಾಗದದಲ್ಲಿ ಕಟ್ಟಿ, ರಷ್ಯನ್ನಿನಲ್ಲಿ ವಿಳಾಸ ಬರೆದು ನನ್ನ ಮುಂದೆ ಇಟ್ಟರು. ಇಲ್ಲಿಯ ಅಂಚೆಯವರಿಗಾಗಿ ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆಯುವುದು ನನ್ನ ಕೆಲಸ.

"ಒಂದು ಸಾಲನ್ನೂ ಬಿಡಬೇಡಿ, ಭಾನುಮತಿ ವಿಶ್ವನಾಥೊವ್ನಾ."

ನಾನು ದೇಶದಿಂದ ಆರಂಭಿಸಿದೆ. ಪ್ರಾಂತ್ಯ ಬರೆದೆ, ವೆರ್ಮೆಂಗಾ ಬರೆದೆ. ನಕ್ಷೆ ಯಾವ ಊರಿನದೆಂದು ತಿಳಿಯಲು ಅವರು ಸೇರಿಸಿದ್ದ ಹಿಂದಿನ ಸೊಸ್ನೊವೊ ಎಂಬ ಸಾಲಿಗೆ ಬಂದು ತಲೆ ಎತ್ತಿ ನೋಡಿದಾಗ ನತಾಶಾ ಐದನೆಯ ಹಾಳೆಯ ನಾಲ್ಕು ಮೂಲೆಗಳಿಗೂ ಒಂದೊಂದು ಬಟ್ಟಲು ಹೇರಿ, ಬಗ್ಗಿ, ನದಿಯ ಆಚೆ ದಡವನ್ನು ಎಳೆಯುತ್ತಿದ್ದರು.